ಉಳಿದ ವೇಳೆ ಯಾರದು? ಅಧ್ಯಾಪಕಿಯರು ಮತ್ತು ತಂತ್ರಜ್ಞಾನ

ತಂತ್ರಜ್ಞಾನವು ದುಡಿಮೆಯ ವೇಳೆಯನ್ನು ಉಳಿಸುತ್ತದೆ ಎಂಬುದು ಪ್ರಚಲಿತ ನಂಬಿಕೆ. ಹೀಗೆ ಉಳಿದ ವೇಳೆ ಯಾರ ಪಾಲಾಗುತ್ತದೆ ಎಂಬ ಪ್ರಶ್ನೆಯನ್ನು ಉನ್ನತ ಶಿಕ್ಷಣದ ವಲಯವು ಕೇಳಿಕೊಂಡದ್ದು ಕಡಿಮೆ. 2004ರಲ್ಲಿ ಸ್ಥಾಪನೆಗೊಂಡ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಅಧ್ಯಾಪಕಿಯರ ದಿನಚರಿಯನ್ನು ಗಮನಿಸಿದರೆ ಈ ಪ್ರಶ್ನೆಯ ತೀವ್ರತೆ ತಿಳಿಯುತ್ತದೆ.

ತುಮಕೂರು ನಗರದಲ್ಲಿ ಮನೆ, ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಕಾಲೇಜು ಎಂಬುದು ಅನೇಕರ ಬದುಕಿನ ವಿನ್ಯಾಸ. ಗುಬ್ಬಿ ಸುಮಾರು 20 ಕಿ.ಮೀ. ದೂರದಲ್ಲಿದೆ, ಹೆಬ್ಬೂರಿನ ಮೇಲೆ ಹಾಯುವ ಕುಣಿಗಲ್ಲಿನ ದಾರಿ ಇನ್ನೂ ದೀರ್ಘ. ಬಸ್ಸಿನ ಪ್ರಯಾಣ ದಣಿವಿನದಾದರೂ, ಮನೆಯ ಕರೆಯೂ ಕಾಲೇಜಿನ ಗಂಟೆಯೂ ತಲುಪದ ಒಂದಿಷ್ಟು ವೇಳೆಯನ್ನು ಅದು ಅಧ್ಯಾಪಕಿಗೆ ದೊರಕಿಸಿಕೊಡುತ್ತಿತ್ತು. ಆಗ ಪುಸ್ತಕ ಓದಬಹುದಿತ್ತು, ಪಾಠವನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳಬಹುದಿತ್ತು, ಸುಮ್ಮನೆ ತೆಂಗಿನ ತೋಟಗಳನ್ನು ನೋಡುತ್ತ ಕೂರಬಹುದಿತ್ತು. ಮೊಬೈಲು ಈ ಬಿಡುವನ್ನು ಅಳಿಸಿದೆ. ವಿಭಾಗದ ವಾಟ್ಸ್‌ಆಪ್ ಗುಂಪಿನ ಸೂಚನೆಯೂ ಅಡುಗೆಮನೆಯ ವಿಚಾರಣೆಯೂ ಬಸ್ಸಿನ ಸೀಟಿಗೇ ಬಂದು ತಲುಪುತ್ತವೆ. (2023ರ ಶಕ್ತಿ ಯೋಜನೆಯು ಸರ್ಕಾರಿ ಬಸ್ಸಿನ ಟಿಕೆಟ್ಟಿನ ಹಣವನ್ನು ಉಳಿಸಿತು, ವೇಳೆಯ ಮಾತು ಬೇರೆ.)

ಯು.ಜಿ.ಸಿ.ಯ 2018ರ ನಿಯಮಾವಳಿಯು ವಾರಕ್ಕೆ 40 ಗಂಟೆಗಳ ಕಾರ್ಯಭಾರವನ್ನೂ, ಅದರೊಳಗೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆಗಳ ನೇರ ಬೋಧನೆಯನ್ನೂ ಗೊತ್ತುಪಡಿಸಿತು. ಮಕ್ಕಳು ಮಲಗಿದ ಮೇಲೆ, ಸರ್ವರಿನ ಒತ್ತಡ ಇಳಿದ ಹೊತ್ತು ನೋಡಿ, ಆಂತರಿಕ ಅಂಕಗಳನ್ನು ಯು.ಯು.ಸಿ.ಎಂ.ಎಸ್. ಜಾಲತಾಣಕ್ಕೆ ತುಂಬುವ ದುಡಿಮೆ ಇದರಲ್ಲಿ ಯಾವ ಲೆಕ್ಕಕ್ಕೆ ಸೇರಬೇಕು? ಹಿಂದೆ ಅಂಕಪಟ್ಟಿ ಕಾಲೇಜಿನ ಬೀರುವಿನಲ್ಲಿ ಉಳಿಯುತ್ತಿತ್ತು. ಅತಿಥಿ ಉಪನ್ಯಾಸಕಿಯ ಪಾಡು ಇನ್ನೂ ಕಷ್ಟದ್ದು. ಮರುವರ್ಷದ ನೇಮಕ ಖಚಿತವಿಲ್ಲದವಳು ರಾತ್ರಿಯ ಸೂಚನೆಗೆ ಒಲ್ಲೆನೆನ್ನಲಾರಳು.

ಈ ಹೊರೆ ಪುರುಷ ಅಧ್ಯಾಪಕರಿಗೂ ಇದೆಯೆಂಬ ವಾದ ಸುಳ್ಳಲ್ಲ, ಆದರೆ ಅಪೂರ್ಣ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದವರಲ್ಲಿ ಮಹಿಳೆಯರು ದಿನಕ್ಕೆ 289 ನಿಮಿಷಗಳನ್ನೂ ಪುರುಷರು 88 ನಿಮಿಷಗಳನ್ನೂ ಅದಕ್ಕೆ ವ್ಯಯಿಸಿದರು. ಒರಳಿನ ಜಾಗಕ್ಕೆ ಮಿಕ್ಸಿ ಬಂದಾಗಲೂ ರುಬ್ಬುವವರು ಬದಲಾಗಲಿಲ್ಲ. ಎರಡು ಹೊರೆಗಳ ನಡುವೆ ಮೊದಲು ಮುಂದೂಡಲ್ಪಡುವುದು ಸಂಶೋಧನೆ. ಅದಕ್ಕೆ ಬೇಕಾದದ್ದು ತುಣುಕು ನಿಮಿಷಗಳಲ್ಲ, ಅಖಂಡವಾದ ಗಂಟೆಗಳು. ಮಹಿಳೆಯರ ಸಂಶೋಧನೆ ನಿಧಾನವೆಂದು ದೂರುವವರು ಈ ಕಾರಣವನ್ನು ಚರ್ಚಿಸುವುದು ವಿರಳ.

ಕೆಲಸದ ವೇಳೆಯ ಬಳಿಕ ಕರೆ, ಮಿಂಚಂಚೆಗಳಿಂದ ದೂರವಿರುವ ನೌಕರರ ಹಕ್ಕನ್ನು ಫ್ರಾನ್ಸ್ ದೇಶವು 2017ರಲ್ಲಿಯೇ ಕಾನೂನಿನ ಮೂಲಕ ಮಾನ್ಯಮಾಡಿತು. ಇಲ್ಲಿ ಅಷ್ಟಕ್ಕಾಗಿ ಕಾಯಬೇಕಿಲ್ಲ. ಅಂಕ ತುಂಬುವ ಕೆಲಸವನ್ನು ವೇಳಾಪಟ್ಟಿಯೊಳಗೆ ಸೇರಿಸಿ, ಸಂಜೆ 6ರ ನಂತರದ ಸೂಚನೆಗೆ ಮರುದಿನ ಉತ್ತರಿಸಿದರೆ ಸಾಕೆಂಬ ಸುತ್ತೋಲೆಯೊಂದನ್ನು ಕುಲಸಚಿವರ ಕಚೇರಿಯೇ ಹೊರಡಿಸಬಹುದು.