ಅಕ್ಕನ ದವಡೆಯ 'ಟಕ್' ಸದ್ದು

ಹೋದ ತಿಂಗಳು ದಾವಣಗೆರೆಯಲ್ಲಿ ಅಕ್ಕನ ಜೊತೆ ಊಟಕ್ಕೆ ಕೂತಿದ್ದೆ. ಖಡಕ್ ರೊಟ್ಟಿ ಅಗಿಯುವಾಗೆಲ್ಲ ಅವಳ ಕಿವಿ ಹತ್ತಿರ 'ಟಕ್' ಅನ್ನೋ ಸದ್ದು. ನಾನು ನಕ್ಕೆ. ಅವಳು ನಗಲಿಲ್ಲ, ರೊಟ್ಟಿ ಬದಿಗಿಟ್ಟು ಅನ್ನ ಸಾರು ಕಲಸಿಕೊಂಡಳು.

ಅಕ್ಕ ದಂತವೈದ್ಯೆ. ಮಾಸ್ಕ್ ಅವಳಿಗೆ ಹೊಸದಲ್ಲ. ಆದರೆ ಹಲ್ಲು ಕೊರೆಯುವ ಯಂತ್ರ ನೀರು ಚಿಮ್ಮಿಸುತ್ತದಲ್ಲ, ಅದರ ಜೊತೆ ರೋಗಿಯ ಎಂಜಲೂ ಗಾಳಿಗೆ ಸೇರುತ್ತೆ. ಹಾಗಾಗಿ 2020ರಲ್ಲಿ ತೆಳು ಮಾಸ್ಕ್ ಹೋಗಿ ಎನ್‌95 ಬಂತು. ಅವಳು ಅದನ್ನು ಇವತ್ತಿಗೂ ಬಿಟ್ಟಿಲ್ಲ. ಪಕ್ಕದಿಂದ ಗಾಳಿ ನುಸುಳದ ಹಾಗೆ ಮುಖಕ್ಕೆ ಬಿಗಿಯಾಗಿ ಕೂರಬೇಕು. ಆದರೂ ಮಾತಾಡುವಾಗ ಮೂಗಿನಿಂದ ಜಾರುತ್ತೆ. ಎರಡೂ ಕೈಗೆ ಗ್ಲೌಸ್, ಮುಟ್ಟೋ ಹಾಗಿಲ್ಲ. "ಆಗ ಏನ್ ಮಾಡ್ತೀಯಾ?" ಅಂದೆ. ಮಾಡಿ ತೋರಿಸಿದಳು. ಕೆಳದವಡೆಯನ್ನು ಮುಂದಕ್ಕೆ, ಪಕ್ಕಕ್ಕೆ ತಳ್ಳಿ, ಗಲ್ಲದಿಂದಲೇ ಮಾಸ್ಕ್ ಸರಿಮಾಡೋದು! ದಿನಕ್ಕೆ ಎಷ್ಟು ಸಲ ಅಂತ ಅವಳಿಗೇ ಲೆಕ್ಕವಿಲ್ಲ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ, ಅಲ್ಲಿ ಅಲುಗೋದೇ ದವಡೆಯ ಕೀಲು. ಬಾಗಿಲ ತಿರುಗಣೆಯಂತೆ ತಿರುಗೋದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತೆ. ಮೂಳೆಗಳ ನಡುವಿನ ಪುಟ್ಟ ಮೆತ್ತೆ ಜಾಗ ತಪ್ಪಿ ಮತ್ತೆ ಕೂರುವಾಗ ಬರೋದೇ ಈ 'ಟಕ್'. ಬಾಯಿ ಸುಮ್ಮನಿದ್ದಾಗ ಮೇಲಿನ, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿರಬಾರದಂತೆ. (ಮರುದಿನ ಕೋಡ್‌ನಲ್ಲಿ ಬಗ್ ಹುಡುಕುತ್ತಾ ಗಮನಿಸಿದೆ, ನಾನೂ ಕಚ್ಚಿ ಹಿಡಿದೇ ಕೂತಿದ್ದೆ.)

ಎಲ್ಲಾ ಮಾಸ್ಕಿನ ತಪ್ಪು ಅಂತ ಅಕ್ಕ ಹೇಳೋದಿಲ್ಲ. ಕತ್ತು ಬಗ್ಗಿಸಿ ಮಾಡುವ ಕೆಲಸ, ಒತ್ತಡ, ನಿದ್ದೆಯಲ್ಲಿ ಹಲ್ಲು ಕಡಿಯೋದು, ಎಲ್ಲ ಸೇರಿಕೊಂಡಿದೆ. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಇದೇ ನೋವು ಅಂತ ಬಂದವರಿಗೆ ಮೆತ್ತಗಿನ ಊಟ ಮಾಡಿ, ಬಿಸಿ ಶಾಖ ಕೊಡಿ, ಜೋರಾಗಿ ಆಕಳಿಸಬೇಡಿ ಅಂತಾಳೆ, ರಾತ್ರಿ ಹಾಕಿಕೊಳ್ಳೋಕೆ ಪ್ಲೇಟ್ ಮಾಡಿಕೊಡ್ತಾಳೆ. ತನ್ನದನ್ನು ಮಾತ್ರ ಎರಡು ವರ್ಷದಿಂದ ಯಾರಿಗೂ ತೋರಿಸಿಲ್ಲ! ಕೇಳಿದರೆ, "ಬೆಳಗಾದ್ರೆ ಜನ ಕಾಯ್ತಿರ್ತಾರೆ ಕಣೋ."

ಜಗಳ ಆಡಿಯೇ ಅವಳ ಕ್ಲಾಸ್‌ಮೇಟ್ ಹತ್ತಿರ ಕರೆದುಕೊಂಡು ಹೋದೆ. ಸಾಮಾನ್ಯವಾಗಿ ಬಾಯಿ ತೆರೆದರೆ ಮೂರು ಬೆರಳು ಹಿಡಿಸಬೇಕು, ಅಕ್ಕನಿಗೆ ಎರಡೇ ಹಿಡಿಸಿದ್ದು. ಪ್ಲೇಟ್‌ಗೆ ಅಳತೆ ತೆಗೆದರು. ಮುಖಕ್ಕೆ ಸರಿಹೊಂದುವ ಬೇರೆ ಮಾಸ್ಕ್ ತರಿಸು, ರೋಗಿಗಳ ನಡುವೆ ಐದು ನಿಮಿಷ ಬೇರೆ ಕೋಣೆಗೆ ಹೋಗಿ ಅದನ್ನು ತೆಗೆದು ದವಡೆ ಸಡಿಲ ಬಿಡು ಅಂದರು.

ಭಾನುವಾರ ಫೋನ್ ಮಾಡಿದ್ದೆ. ನೋವು ಸ್ವಲ್ಪ ಕಡಿಮೆಯಂತೆ. "ರೊಟ್ಟಿ?" ಅಂದೆ.

"ಇನ್ನೂ ಅನ್ನವೇ ಕಣೋ."