ಉಳಿದವರ ಪಾಡು

ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿರುವ ಆದೋನಿ, ಆಲೂರು, ಹೊಳಗುಂದ ಪ್ರದೇಶಗಳಲ್ಲಿ ಮನೆಮಾತು ಕನ್ನಡವಾಗಿರುವ ರೈತ ಕುಟುಂಬಗಳಿವೆ. ಹತ್ತಿ ಪೇಟೆಗೆ ಹೆಸರಾದ ಈ ಸೀಮೆಯ ಬಹುಪಾಲು ಬೇಸಾಯಕ್ಕೆ ಮಳೆಯೇ ಆಧಾರ. ಸಾಲದಲ್ಲಿ ಸಿಲುಕಿದ ರೈತನ ಆತ್ಮಹತ್ಯೆ ಒಂದು ದಿನದ ಸುದ್ದಿ. ಹಿಂದುಳಿದ ಹೆಂಡತಿ ಮಕ್ಕಳ ಪಾಡು ಸುದ್ದಿಯಾಗುವುದಿಲ್ಲ.

ಇಂಥ ಕುಟುಂಬಗಳಿಗೆ ಆಂಧ್ರ ಸರಕಾರವು 2004ರಲ್ಲಿ ಒಂದೂವರೆ ಲಕ್ಷ ರೂಪಾಯಿಯ ನೆರವು ಘೋಷಿಸಿತು. 2019ರಲ್ಲಿ ಅದು 7 ಲಕ್ಷಕ್ಕೇರಿತು. ಆದರೆ ಕಂದಾಯ, ಪೊಲೀಸ್, ಕೃಷಿ ಇಲಾಖೆಗಳ ಅಧಿಕಾರಿಗಳು ತನಿಖೆ ನಡೆಸಿ, ಸಾವಿಗೆ ಬೇಸಾಯದ ಸಂಕಟವೇ ಕಾರಣವೆಂದು ಒಪ್ಪಬೇಕು. ಬಾಯಿಮಾತಿನ ಗೇಣಿಗೆ ಪತ್ರವೆಲ್ಲಿ? ಕೈಸಾಲಕ್ಕೆ ರಶೀದಿಯೆಲ್ಲಿ? ತೆಲುಗು ಓದಲಾರದ ವಿಧವೆ ಆ ಕಾಗದಗಳನ್ನು ಹಿಡಿದು ಯಾರ ಬಾಗಿಲು ತಟ್ಟಬೇಕು? ಕಚೇರಿಯ ಭಾಷೆ ಬೇರೆಯಾದಾಗಿನ ಕಷ್ಟ ಕಾಸರಗೋಡಿನ ನಮಗೆ ಹೊಸತಲ್ಲ.

ಇದರ ಮೇಲೆ ಊರಿನ ಪಿಸುಮಾತು ಬೇರೆ. ಅಪ್ಪ ಹೇಗೆ ಸತ್ತನೆಂದು ಮಗುವನ್ನು ಕೆದಕುವವರು ಹಲವರು. ಶಾಲೆಗೆ ಬರುತ್ತೀಯಾ, ಉಂಡೆಯಾ ಎಂದು ವಿಚಾರಿಸುವವರು ವಿರಳ.

ಅರ್ಜಿ ನಮೂನೆ ಕನ್ನಡದಲ್ಲೂ ದೊರೆಯಬೇಕು. ಪತ್ರವಿಲ್ಲದಲ್ಲಿ ನೆರೆಹೊರೆಯವರ ಸಾಕ್ಷ್ಯಕ್ಕೆ ಬೆಲೆ ಸಿಗಬೇಕು. ನೊಂದವರು ಯಾವ ಹೊತ್ತಿನಲ್ಲೂ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಸತ್ತವನ ತಪ್ಪೊಪ್ಪುಗಳ ವಿಚಾರಣೆ ಸಾಕು. ಬದುಕಿರುವವರ ಕೈಹಿಡಿಯುವುದು ಸರಕಾರಕ್ಕೂ ನೆರೆಮನೆಗೂ ಸೇರಿದ ಹೊಣೆ.