ಮಲಪ್ರಭೆಯ ಕಣಿವೆಯಲ್ಲಿ ಸೈಕಲ್ ಸಂಚಾರ: ಒಂದು ವಿಜ್ಞಾಪನೆ

ನಮ್ಮ ಶಾಲೆಯ ಹಿಂಬದಿಯಲ್ಲಿ ತಗಡು ಹೊದಿಸಿದ ಸೈಕಲ್ ನಿಲ್ದಾಣವೊಂದಿದೆ. ನಾನು ಕನ್ನಡ ಪಂಡಿತನಾಗಿ ಇಲ್ಲಿಗೆ ಬಂದ ಮೊದಲ ವರುಷಗಳಲ್ಲಿ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ಅಲ್ಲಿ ಕಾಲಿಡಲು ತೆರಪಿರುತ್ತಿರಲಿಲ್ಲ. ಇಂದು ಅದೇ ಮಾಡಿನ ಕೆಳಗೆ ನಾವು ಶಿಕ್ಷಕರು ನಮ್ಮ ಮೋಟಾರು ವಾಹನಗಳನ್ನು ನಿಲ್ಲಿಸುತ್ತೇವೆ; ಮಕ್ಕಳ ಸೈಕಲ್ಲುಗಳನ್ನು ಎಣಿಸಲು ಎರಡು ಕೈಗಳ ಬೆರಳುಗಳೇ ಸಾಕು. ಶಾಲೆಯ ಏಳಿಗೆಯನ್ನು ನೆನೆಯುವ ಈ ಸಂಚಿಕೆಯಲ್ಲಿ ಬರಿದಾದ ಒಂದು ಮೂಲೆಯನ್ನು ಕುರಿತು ಬರೆಯುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಆ ಮೂಲೆ ಏಕೆ ಬರಿದಾಯಿತೆಂಬುದನ್ನು ವಿಚಾರಿಸದೆ ನಮ್ಮ ಏಳಿಗೆಯ ಲೆಕ್ಕ ಪೂರ್ಣವಾಗದೆಂದು ನನ್ನ ನಂಬಿಕೆ.

೧೯೮೪ನೆಯ ಇಸವಿಯ ಚಳಿಗಾಲದ ಮಾತು. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ನಮ್ಮ ಗುರುಗಳು ಹನ್ನೊಂದು ಮಂದಿ ಹುಡುಗರನ್ನು ಬಾಡಿಗೆಯ ಸೈಕಲ್ಲುಗಳ ಮೇಲೆ ಬಾದಾಮಿಯಿಂದ ಪಟ್ಟದಕಲ್ಲಿನ ಮಾರ್ಗವಾಗಿ ಐಹೊಳೆಗೆ ಕರೆದೊಯ್ದರು. ದೂರ ಸುಮಾರು ೩೫ ಕಿಲೋಮೀಟರು. ಹೊರಡುವ ಮುನ್ನ ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ತೋರಿಸಿ, ಕ್ರಿ. ಶ. ೭೦೦ರ ಸುಮಾರಿನ ಆ ಬರಹದಲ್ಲಿ ಕನ್ನಡದ ಅತಿ ಪ್ರಾಚೀನ ತ್ರಿಪದಿಗಳು ಉಳಿದುಬಂದಿವೆಯೆಂದು ತಿಳಿಸಿದರು. ದಾರಿಯಲ್ಲಿ ಅದೇ ತ್ರಿಪದಿಯನ್ನು ಪೆಡಲಿನ ಗತಿಗೆ ಹೊಂದಿಸಿ ನಮ್ಮಿಂದ ಹೇಳಿಸಿದರು. ಮುಂದೆ ವಿದ್ವತ್ ಪರೀಕ್ಷೆಗಾಗಿ ಛಂದಶ್ಶಾಸ್ತ್ರವನ್ನು ವರುಷಗಟ್ಟಲೆ ಓದಿದೆ. ಆದರೆ ಗಣವೆಂಬುದು ಕಾಗದದ ಮೇಲಿನ ಗೆರೆಯಲ್ಲ, ಉಸಿರಿನ ಏರಿಳಿತವೆಂಬುದು ನನಗೆ ತಿಳಿದದ್ದು ಆ ದಿನ, ಆ ದಾರಿಯಲ್ಲಿ.

ಕೆಂಪು ಮರಳುಗಲ್ಲಿನ ಗುಡ್ಡಗಳನ್ನು ಬಳಸಿ ದಾರಿ ಏರುತ್ತಿತ್ತು, ಇಳಿಯುತ್ತಿತ್ತು. ಏರಿನಲ್ಲಿ ಕೆಳಗಿಳಿದು ಸೈಕಲ್ಲನ್ನು ತಳ್ಳಿದೆವು. ಇಳಿಜಾರಿನಲ್ಲಿ ಪೆಡಲು ತುಳಿಯದೆ ಗಾಳಿಗೆ ಮುಖವೊಡ್ಡಿದೆವು. ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿತ್ತು. ಗುಡ್ಡದ ಬಂಡೆಯ ಬಣ್ಣವೇ ಗುಡಿಯ ಗೋಡೆಯ ಬಣ್ಣವೆಂಬುದನ್ನು ನಮ್ಮಲ್ಲೊಬ್ಬನು ತಾನಾಗಿಯೇ ಗುರುತಿಸಿ ಕೂಗಿ ಹೇಳಿದನು. ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಾಭಿಮುಖವಾಗಿ ಹರಿಯುವುದನ್ನು ಹೊತ್ತಿನ ನೆರಳು ನೋಡಿ ನಾವೇ ಕಂಡುಕೊಂಡೆವು. ರಾಣಿ ಲೋಕಮಹಾದೇವಿ ಕಟ್ಟಿಸಿದ ದೇಗುಲದ ಎದುರಿಗೆ ಬುತ್ತಿ ಬಿಚ್ಚಿದೆವು. ಸಂಜೆ ಐಹೊಳೆಯ ಮೇಗುತಿ ಗುಡ್ಡವನ್ನೇರಿ, ೬೩೪ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿಯ ಬಳಿ ನಿಂತು ಹಿಂತಿರುಗಿ ನೋಡಿದಾಗ, ಬಂದ ದಾರಿಯೆಲ್ಲ ನಮ್ಮ ಕಾಲುಗಳಿಗೆ ನೆನಪಿತ್ತು. ಅಷ್ಟು ದೂರದಲ್ಲಿ ನಮಗೆ ಎದುರಾದವು ಎರಡೋ ಮೂರೋ ಬಸ್ಸುಗಳು, ಉಳಿದವೆಲ್ಲ ಚಕ್ಕಡಿಗಳು.

ಈಗ ನಮ್ಮ ಶೈಕ್ಷಣಿಕ ಪ್ರವಾಸ ಬಸ್ಸಿನಲ್ಲಿ ನಡೆಯುತ್ತದೆ. ಬೆಳಗಿನಲ್ಲಿ ಗುಹೆಗಳು, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಮಕ್ಕಳು ಇಳಿಯುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ, ಏರುತ್ತಾರೆ. ಮೂರು ಸ್ಥಳಗಳನ್ನು ನೋಡಿದರೂ ಅವುಗಳನ್ನು ಒಂದಾಗಿ ಹೆಣೆದ ನದಿಯನ್ನು ಅವರು ಕಾಣರು. ಕಳೆದೊಂದು ಪ್ರವಾಸದ ತರುವಾಯ ಪ್ರಬಂಧ ಬರೆಯಿಸಿದಾಗ ಹೆಚ್ಚಿನವರು ಬಸ್ಸಿನಲ್ಲಿ ಹಾಡಿದ ಹಾಡುಗಳನ್ನೇ ವರ್ಣಿಸಿದ್ದರು. ಇದರಲ್ಲಿ ಮಕ್ಕಳ ತಪ್ಪಿಲ್ಲ. ನಾವು ಅವರಿಗೆ ಬಸ್ಸನ್ನು ಕೊಟ್ಟೆವು, ದಾರಿಯನ್ನು ಕೊಡಲಿಲ್ಲ.

ಹಾಗಾದರೆ ಪಂಡಿತರೇ ಮಕ್ಕಳನ್ನು ಸೈಕಲ್ಲಿನ ಮೇಲೆ ಏಕೆ ಕರೆದೊಯ್ಯಬಾರದು ಎಂದು ವಾಚಕರು ಕೇಳಿಯಾರು. ಉತ್ತರ ಹೇಳಲು ನನಗೆ ಸಂಕಟವಾಗುತ್ತದೆ. ಕೆಲವು ವರುಷಗಳ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ನಮ್ಮ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಶಾಲೆಯಿಂದ ಮರಳುವಾಗ ನಸುಗತ್ತಲೆಯಲ್ಲಿ ರಸ್ತೆಯ ಅಂಚಿಗೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಡಿಕ್ಕಿ ಹೊಡೆದನು. ಅದರ ಹಿಂದೆ ದೀಪವಿರಲಿಲ್ಲ, ಬೆಳಕಿಗೆ ಮಿಂಚುವ ಕೆಂಪು ಪಟ್ಟಿಯೂ ಇರಲಿಲ್ಲ. ಬಾಲಕನು ಬದುಕಿದನು, ಆದರೆ ಕಾಲು ಮೊದಲಿನಂತಾಗಲಿಲ್ಲ. ಅವನ ತಂಗಿ ಎಂಟನೆಯ ತರಗತಿಯಲ್ಲಿದ್ದಳು. ಅವಳ ಸೈಕಲ್ಲನ್ನು ತಂದೆ ಅಟ್ಟಕ್ಕೇರಿಸಿದನು. ಅವರ ಊರಿಗೆ ಶಾಲೆಯ ವೇಳೆಗೆ ಬಸ್ಸಿಲ್ಲ. ಆ ಹುಡುಗಿ ಬರುವುದನ್ನು ನಿಲ್ಲಿಸಿದಳು. ನಾನು ಮನೆಗೆ ಹೋಗಿ ಕೇಳಿಕೊಂಡಾಗ ಅವಳ ತಾಯಿ, "ಗುರುಗಳ, ದಾರಿ ನೆಟ್ಟಗಿಲ್ಲರಿ, ನೀವ ಹೊಣಿ ಆಗ್ತೀರೇನ್ರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಸೈಕಲ್ ಪ್ರವಾಸದ ಮಾತನ್ನು ನಾನು ಎತ್ತಿದವನಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ಲುಗಳನ್ನು ಉಚಿತವಾಗಿ ವಿತರಿಸುವ ಯೋಜನೆಯನ್ನು ನಮ್ಮ ರಾಜ್ಯ ಸರಕಾರ ೨೦೦೬-೦೭ರಲ್ಲಿ ಆರಂಭಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಆ ಯೋಜನೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗಾದ ಉಪಕಾರವನ್ನು ಕಣ್ಣಾರೆ ಕಂಡವನು ನಾನು. ಆದರೆ ಸೈಕಲ್ಲನ್ನು ಕೊಟ್ಟು ಅದು ನಿರ್ಭಯವಾಗಿ ಸಾಗುವ ದಾರಿಯನ್ನು ಕೊಡದಿದ್ದರೆ, ಪುಸ್ತಕವನ್ನು ಕೊಟ್ಟು ದೀಪವನ್ನು ಕೊಡದಂತೆಯೇ ಸರಿ.

ವಾಹನಗಳ ಸದ್ದಿಲ್ಲದ ದಾರಿ ಈ ಕಾಲದಲ್ಲಿ ಸಾಧ್ಯವೇ ಎಂಬ ಶಂಕೆ ಸಹಜ. ಅನ್ಯರು ಸಾಧಿಸಿದ್ದಾರೆ. ಜರ್ಮನಿಯ ಪಾಸೌದಿಂದ ಆಸ್ಟ್ರಿಯದ ವಿಯೆನ್ನಾದವರೆಗೆ ಡ್ಯಾನ್ಯೂಬ್ ನದಿಯ ದಂಡೆಗುಂಟ ೩೦೦ ಕಿಲೋಮೀಟರಿಗೂ ಮಿಕ್ಕಿದ ಸೈಕಲ್ ಮಾರ್ಗವಿದೆ. ಹಿಂದೆ ಕುದುರೆಗಳು ದಡದ ಮೇಲೆ ನಡೆಯುತ್ತ ಸರಕಿನ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದ ದಾರಿಯೇ ಹಲವೆಡೆ ಇಂದು ಸೈಕಲ್ ದಾರಿಯಾಗಿದೆ. ಕೊಲಂಬಿಯ ದೇಶದ ರಾಜಧಾನಿ ಬೊಗೊಟಾದಲ್ಲಿ ೧೯೭೪ರಲ್ಲಿ ಆರಂಭವಾದ ಪದ್ಧತಿಯಂತೆ ಭಾನುವಾರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ೧೦೦ ಕಿಲೋಮೀಟರಿಗೂ ಹೆಚ್ಚಿನ ರಸ್ತೆಗಳನ್ನು ಮೋಟಾರುಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಡುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ೨೦೧೩ರಿಂದ ಸೈಕಲ್ ದಿನದ ಹೆಸರಿನಲ್ಲಿ ಕೆಲವು ಬಡಾವಣೆಗಳ ರಸ್ತೆಗಳನ್ನು ಭಾನುವಾರ ಹೀಗೆ ತೆರೆದುಕೊಟ್ಟದ್ದುಂಟು. ಅವರೆಲ್ಲ ಹೊಸ ರಸ್ತೆಯನ್ನೇ ಕಟ್ಟಲಿಲ್ಲ. ಇದ್ದ ದಾರಿಗೆ ಹೊಸ ಮರ್ಯಾದೆಯನ್ನು ಗೊತ್ತುಮಾಡಿದರು.

ರೈತನ ಕಬ್ಬು ಒಣಗಲಿ, ಮಕ್ಕಳು ವಿಹರಿಸಲಿ ಎಂದು ನಾನು ಹೇಳುತ್ತಿಲ್ಲ. ಸೈಕಲ್ ತುಳಿಯಲು ಹಿತವಾದ ಚಳಿಗಾಲವೇ ಕಬ್ಬು ಸಾಗಿಸುವ ಕಾಲವೂ ಹೌದು. ಒಕ್ಕಲು ಮಕ್ಕಳ ಶಾಲೆಯಲ್ಲಿ ದುಡಿಯುವ ನನಗೆ ಇದು ತಿಳಿಯದ ಸಂಗತಿಯಲ್ಲ. ಆದುದರಿಂದ ನನ್ನ ಬೇಡಿಕೆ ಅಲ್ಪ.

ಮೊದಲನೆಯದು ಆಡಳಿತ ಮಂಡಳಿಗೆ. ಚಳಿಗಾಲದಲ್ಲಿ ಒಂದು ಭಾನುವಾರ, ಮುಂಜಾನೆಯ ನಾಲ್ಕು ಗಂಟೆಗಳ ಕಾಲ, ಬಾದಾಮಿಯಿಂದ ಪಟ್ಟದಕಲ್ಲಿನವರೆಗಿನ ಸುಮಾರು ೨೨ ಕಿಲೋಮೀಟರು ದಾರಿಯಲ್ಲಿ ಭಾರವಾಹನಗಳನ್ನು ತಡೆಹಿಡಿಯುವಂತೆ ಜಿಲ್ಲಾಡಳಿತವನ್ನು ಪ್ರಾರ್ಥಿಸಬೇಕು. ಬನಶಂಕರಿ ಜಾತ್ರೆಯ ದಿನಗಳನ್ನು ಬಿಟ್ಟು ದಿನವನ್ನು ಗೊತ್ತುಮಾಡಿದರೆ ಯಾತ್ರಿಕರಿಗೂ ತೊಡಕಾಗದು. ಶ್ರೀಮಠದ ಒಂದು ಪತ್ರಕ್ಕಿರುವ ಗೌರವ ನನ್ನಂಥವನ ನೂರು ಅರ್ಜಿಗಳಿಗಿಲ್ಲ.

ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಅನೇಕರು ಇಂದು ಟ್ರ್ಯಾಕ್ಟರುಗಳ ಒಡೆಯರು. ನಿಮ್ಮ ಟ್ರೇಲರುಗಳ ಹಿಂದೆ ಕೆಂಪು ಪಟ್ಟಿ ಅಂಟಿಸಿರಿ, ದೀಪ ಹಚ್ಚಿರಿ, ಕೆಟ್ಟು ನಿಂತ ಬಂಡಿಯನ್ನು ಕತ್ತಲಲ್ಲಿ ಬಿಟ್ಟುಹೋಗಬೇಡಿರಿ. ನಿಮ್ಮನ್ನು ತರಗತಿಯಲ್ಲಿ ಗದರಿದ ಸಲಿಗೆಯಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ. ಇದಕ್ಕೆ ತಗಲುವ ವೆಚ್ಚ ಒಂದು ಚೀಲ ಗೊಬ್ಬರದ ಬೆಲೆಗಿಂತ ಹೆಚ್ಚಾಗದು.

ಮೂರನೆಯದು ದಾನಿಗಳಿಗೆ. ಮಹಾದ್ವಾರ, ಸಭಾಮಂಟಪ, ಅಮೃತಶಿಲೆಯ ಫಲಕಗಳು ನಿಮ್ಮ ಔದಾರ್ಯವನ್ನು ಸಾರುತ್ತಿವೆ. ಆ ಔದಾರ್ಯದ ಒಂದಂಶ ಹೆಸರು ಕೆತ್ತಲಾಗದ ಕಡೆಗೂ ಹರಿಯಲಿ: ಹತ್ತಾರು ಸೈಕಲ್ಲುಗಳ ದುರಸ್ತಿಗೆ, ಅವುಗಳ ದೀಪಗಳಿಗೆ, ಶಾಲೆಯಿಂದ ಸುತ್ತಲಿನ ಹಳ್ಳಿಗಳಿಗೆ ಹೋಗುವ ಹಳೆಯ ಬಂಡಿದಾರಿಗಳ ಮುಳ್ಳುಕಂಟಿ ಕಡಿಸಿ ಮೊರಮು ಹಾಕಿಸುವುದಕ್ಕೆ. ಹೆದ್ದಾರಿಗೆ ಬಾರದೆ ಮಗು ಶಾಲೆಯನ್ನು ತಲುಪುವ ದಾರಿ ಸಿದ್ಧವಾದರೆ ಅದಕ್ಕಿಂತ ಹಿರಿದಾದ ದಾಸೋಹ ಯಾವುದು?

ಒಂದು ಭಾನುವಾರದ ಸಂಚಾರದಿಂದ ಎಲ್ಲವೂ ಸರಿಹೋಗದೆಂಬುದನ್ನು ಬಲ್ಲೆ. ಆದರೆ ಸದ್ದಿಲ್ಲದ ದಾರಿಯಲ್ಲಿ ತಮ್ಮ ಮಕ್ಕಳು ನಗುತ್ತ ಸಾಗುವುದನ್ನು ಒಮ್ಮೆ ಕಂಡ ತಂದೆತಾಯಂದಿರು ಅಂಥ ದಾರಿಯನ್ನು ಉಳಿದ ದಿನಗಳಿಗೂ ಕೇಳುವರು. ಹಾಗೆ ಕೇಳುವ ಕಾಲ ಬರಬೇಕು.

ನನ್ನ ಸೇವಾವಧಿ ಮುಗಿಯಲು ಇನ್ನು ಕೆಲವೇ ವರುಷಗಳು. ಅಷ್ಟರಲ್ಲಿ ಒಮ್ಮೆಯಾದರೂ ನಮ್ಮ ಹುಡುಗರನ್ನೂ ಹುಡುಗಿಯರನ್ನೂ ಆ ಕಣಿವೆಯ ದಾರಿಯಲ್ಲಿ ಕರೆದೊಯ್ದು, ಏರಿನಲ್ಲಿ ಅವರೊಡನೆ ಸೈಕಲ್ಲು ತಳ್ಳುತ್ತ ತ್ರಿಪದಿಯನ್ನು ಹೇಳಿಸಬೇಕೆಂಬ ಆಸೆಯಿದೆ. ಅದಕ್ಕಿಂತ ಮೊದಲು ಆ ತಾಯಿಯ ಮನೆಗೆ ಹೋಗಿ, "ತಾಯಿ, ದಾರಿ ನೆಟ್ಟಗಾಗೇತಿ, ಮಗಳನ್ನ ಕಳಸ್ರಿ" ಎಂದು ಹೇಳಬೇಕಾಗಿದೆ. ಆ ಮಾತನ್ನು ಹೇಳುವ ಅಧಿಕಾರವನ್ನು ನನಗೆ ದೊರಕಿಸಿಕೊಡುವ ಶಕ್ತಿ, ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ತಮ್ಮೆಲ್ಲರಲ್ಲಿದೆ.